ಹುಲ್ಲೆಗಾಗಿ ಮರಸು ಕೂತ ಮೂರು ಬೆಳಗು

ಹೋದ ತಿಂಗಳು ಮಸ್ಕತ್ತಿನಿಂದ ಸಲಾಲಾಕ್ಕೆ ಹೊರಟವರು ಬೆಳಗಿನ ಆರು ಗಂಟೆಗೆ ಹೈಮಾ ಊರಿನ ಹೊರಗೆ ಒಂದು ಪೆಟ್ರೋಲ್ ಪಂಪಿನಲ್ಲಿ ನಿಂತೆವು. ಕಾರಿನ ಬಾಗಿಲು ತೆರೆದದ್ದೇ ತಡ, ಮಂಜಿಗೆ ನೆನೆದ ದೂಳಿನ ವಾಸನೆ ಮೂಗಿಗೆ ಬಡಿಯಿತು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯಲ್ಲ ಅದು. ಸ್ವಲ್ಪ ಉಪ್ಪು, ಸ್ವಲ್ಪ ತುಕ್ಕು ಬೆರೆತದ್ದು. ಸುಮಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುತ್ತಾ, ಮುಖ ಯಾಕೆ ಹಾಗಾಯಿತು ಎಂದು ಕೇಳಿದಳು. ಏನಿಲ್ಲ ಎಂದೆ. ಹದಿನೆಂಟು ವರ್ಷ ಸಂಸಾರ ಮಾಡಿದವಳು ಅಷ್ಟಕ್ಕೆ ಬಿಡುತ್ತಾಳೆಯೇ? "ಆ ಹುಲ್ಲೆಯದ್ದಾ?" ಎಂದಳು. ಹೌದು, ಆ ಹುಲ್ಲೆಯದ್ದೇ.

ಎಣ್ಣೆಯ ಬೆಲೆ ನೆಲ ಕಚ್ಚಿದ ಎರಡನೆಯ ವರ್ಷ ಅದು. ಹೈಮಾದಿಂದ ಒಂದು ಗಂಟೆಯ ದಾರಿಯಲ್ಲಿದ್ದ ಎಣ್ಣೆಬಾವಿಗಳ ಕ್ಯಾಂಪಿನಲ್ಲಿ ನಾನು ಸ್ಕಾಫೋಲ್ಡಿಂಗ್ ಸೂಪರ್‌ವೈಸರ್ ಆಗಿದ್ದೆ. ಎತ್ತರದಲ್ಲಿ ಕೆಲಸ ಮಾಡುವವರು ನಿಲ್ಲಲು ಕಬ್ಬಿಣದ ಪೈಪು ಜೋಡಿಸಿ, ಹಲಗೆ ಹಾಸಿ, ಹಲಗೆ ಜಾರದಂತೆ ತಂತಿ ಬಿಗಿಸಿ ಅಟ್ಟಣೆ ಕಟ್ಟಿಸುವುದು, ಅದು ಭದ್ರವೆಂದು ಹಸಿರು ಚೀಟಿ ತೂಗುಹಾಕುವುದು ನನ್ನ ಕೆಲಸ. ಕೈಕೆಳಗೆ ಹದಿನಾಲ್ಕು ಜನರಿದ್ದರು. ಆ ವರ್ಷ ಕೆಲಸಗಳು ಒಂದೊಂದಾಗಿ ನಿಂತವು. ಮೆಸ್ಸಿನಲ್ಲಿ ಮೊದಲು ಮೀನು ಹೋಯಿತು, ಆಮೇಲೆ ಹಣ್ಣು ಹೋಯಿತು, ಕೊನೆಗೆ ಉಣ್ಣುವವರೇ ಹೋದರು. ಪ್ರತಿ ಗುರುವಾರ ಮಧ್ಯಾಹ್ನ ಮಸ್ಕತ್ತಿನ ಖುರುಮ್‌ನಲ್ಲಿದ್ದ ಕಂಪೆನಿಯ ಆಫೀಸಿನಿಂದ ಒಂದು ಮೇಲ್ ಬರುತ್ತಿತ್ತು. ಅದರಲ್ಲಿ ಹೆಸರಿದ್ದವರು ಗಂಟುಮೂಟೆ ಕಟ್ಟಬೇಕು. ಅಕ್ಟೋಬರ್ ಮುಗಿಯುವ ಹೊತ್ತಿಗೆ ನನ್ನ ಹದಿನಾಲ್ಕು ಜನರಲ್ಲಿ ಒಬ್ಬನೂ ಉಳಿದಿರಲಿಲ್ಲ. ಸುಮಾ ಮತ್ತು ಮಗಳು ಮಸ್ಕತ್ತಿನಲ್ಲಿ, ಅಲ್ ಖೌದ್‌ನ ಫ್ಲ್ಯಾಟಿನಲ್ಲಿದ್ದರು. ಗುರುವಾರ ಸಂಜೆ ಫೋನ್ ಮಾಡಿದಾಗ ಸುಮಾ ಊಟದ ಸುದ್ದಿ, ಮಗಳ ಶಾಲೆಯ ಸುದ್ದಿ ಎಲ್ಲ ಮುಗಿಸಿ ಕೊನೆಯಲ್ಲಿ, ಸಣ್ಣ ದನಿಯಲ್ಲಿ, ಮೇಲ್ ಬಂತಾ ಎಂದು ಕೇಳುತ್ತಿದ್ದಳು.

ಕೆಲಸವಿಲ್ಲದ ಮನುಷ್ಯನಿಗೆ ಬಾಯಿ ಜಾಸ್ತಿ. ನನಗೆ ಮೊದಲೇ ಜಾಸ್ತಿ. ಖಾಲಿ ಮೆಸ್ಸಿನಲ್ಲಿ ಚಪಾತಿ ಮುರಿಯುತ್ತಾ ನಾನು ಸೋದರಮಾವನ ಬೇಟೆಯ ಕಥೆಗಳನ್ನು ಬಿಡುತ್ತಿದ್ದೆ. ಬೆಳ್ತಂಗಡಿಯ ಕಡೆ, ಘಟ್ಟದ ಬುಡದಲ್ಲಿ ಮಾವನ ಮನೆ. ಬೇಟೆ ಕಾನೂನುಬಾಹಿರ ಎಂದು ಗೊತ್ತಿದ್ದೂ ಬಿಡದ ಕಾಲ. ಜಿಂಕೆ ಓಡಾಡುವ ಕಡೆ ಹೆಜ್ಜೆ, ಹಿಕ್ಕೆ ನೋಡಿ, ಸರಿಯಾದ ಮರ ಆರಿಸಿ, ಕೊಂಬೆಗೆ ಹಲಗೆ ಕಟ್ಟಿ ಸದ್ದಿಲ್ಲದೆ ಕಾಯುವುದಕ್ಕೆ ಮರಸು ಕೂರುವುದು ಎನ್ನುತ್ತಾರೆ. ಹೊಡೆಯುವುದು ಯಾರಿಗೂ ಬರುತ್ತದೆ, ಮರ ಆರಿಸುವುದೇ ಬೇಟೆ ಎಂಬುದು ಮಾವನ ಮಾತು. ಕಾಲೇಜಿನ ರಜೆಗಳಲ್ಲಿ ಎರಡು ವರ್ಷ ಅವರ ಜೊತೆ ಕೂತಿದ್ದೆ. ಆ ಎರಡು ವರ್ಷ ಮೆಸ್ಸಿನ ಕಥೆಯಲ್ಲಿ ಹತ್ತು ವರ್ಷವಾಗಿತ್ತು.

ನನ್ನ ಕಥೆಗೆ ಕಿವಿಗೊಡುತ್ತಿದ್ದವರಲ್ಲಿ ಡಾಕ್ಟರ್ ವಸುಧಾ ಒಬ್ಬರು. ಮೈಸೂರಿನವರು, ಪಶುವೈದ್ಯೆ. ನಮ್ಮ ಬಾವಿಗಳ ಪಕ್ಕದಿಂದಲೇ ಶುರುವಾಗುವ ಕಾಯ್ದಿಟ್ಟ ಬಯಲಿನ ಪ್ರಾಣಿಗಳನ್ನು ನೋಡಿಕೊಳ್ಳಲು ಬಂದಿದ್ದರು. ಖರ್ಚು ಕಡಿತದಲ್ಲಿ ಅವರ ಆಫೀಸೂ ಮುಚ್ಚಿ, ನಮ್ಮ ಕ್ಯಾಂಪಿನಲ್ಲಿ ಒಂದು ರೂಮು ಕೊಟ್ಟಿದ್ದರು. ಆ ಗುರುವಾರಕ್ಕೆ ಅವರ ಕರಾರು ಮುಗಿಯುತ್ತಿತ್ತು. ಜೀಪು, ಔಷಧಿ, ಅರಿವಳಿಕೆ ಮದ್ದಿನ ಬಂದೂಕು ಎಲ್ಲವನ್ನೂ ಅಂದೇ ಒಪ್ಪಿಸಿ ಹೊರಡಬೇಕಿತ್ತು.

ಭಾನುವಾರ ಸಂಜೆ ಅವರು ಮೆಸ್ಸಿಗೆ ಬಂದು ನನ್ನ ಎದುರು ಕೂತು ಫೋನು ಮುಂದಿಟ್ಟರು. ಅದರಲ್ಲಿ ಒಂದು ಹೆಣ್ಣು ಹುಲ್ಲೆಯ ಚಿತ್ರ. ಇಲ್ಲಿಯವರು ಗಝಾಲ್ ಎನ್ನುವ, ಆಡಿಗಿಂತ ಸಣ್ಣ ಪ್ರಾಣಿ. ಕೊರಳಿಗೆ ಒಂದು ತಂತಿಯ ಕುಣಿಕೆ ಬಿಗಿದಿತ್ತು, ಸುತ್ತ ಗಾಯ ಕೀವುಗಟ್ಟಿತ್ತು, ತಂತಿಯ ತುದಿ ಒಂದು ಗೇಣು ಕೆಳಗೆ ನೇತಾಡುತ್ತಿತ್ತು. ಮುಸಲ್ಲಮ್ ಎಂಬ ಹಳೆಯ ರೇಂಜರ್ ದೂರದಿಂದ ಲೆನ್ಸ್ ಹಾಕಿ ತೆಗೆದ ಚಿತ್ರ. ಅದಕ್ಕೊಂದು ಎಳೆ ಮರಿಯೂ ಇದೆಯಂತೆ. ಡಾಕ್ಟರು ಹೇಳಿದ್ದು ಇಷ್ಟು: ಕಳ್ಳಬೇಟೆಯವರು ಜೀಪಿನಲ್ಲಿ ಅಟ್ಟಿ ಅಟ್ಟಿ ಇವಕ್ಕೆ ಇಂಜಿನ್ ಸದ್ದೆಂದರೆ ಜೀವ ಹಾರುತ್ತದೆ, ಓಡಿಸಿದರೆ ಎದೆಯೊಡೆದು ಸಾಯುತ್ತದೆ. ಹದಿನೈದು ಮಾರಿನ ಒಳಗೆ ತಾನಾಗಿ ಬಂದರೆ ಮಾತ್ರ ಡಾರ್ಟ್ ಹೊಡೆದು ಮಲಗಿಸಿ ತಂತಿ ತೆಗೆಯಬಹುದು. ಗುರುವಾರದೊಳಗೆ ಆಗದಿದ್ದರೆ ನರಳಿಸಬೇಡಿ, ಗುಂಡು ಹೊಡೆದು ಮುಗಿಸಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಹೊಡೆಯಬೇಕಾದವನು ಮುಸಲ್ಲಮ್. ಹುಲ್ಲೆಗಳನ್ನು ಕಾಯಲು ಸೇರಿದ ದಿನದಿಂದ ಒಂದಕ್ಕೂ ಗುರಿಯಿಡದ ಮನುಷ್ಯ.

"ನಿಮ್ಮನ್ನೇ ಕರ್ಕೊಂಡು ಬಾ ಅಂದ ಕಣ್ರೀ ಮುಸಲ್ಲಮ್," ಎಂದರು ಡಾಕ್ಟರು. "ನಿಮ್ಮ ಬೇಟೆ ವಿಷಯ ಅವನಿಗೂ ಗೊತ್ತಾಗಿರಬೇಕು. ಮರ ನೋಡಿ ಅಟ್ಟಣೆ ಕಟ್ಟಿಕೊಡ್ತೀರಾ?"

ನಾನು ಫೋನಿನ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಿದ್ದೆ. ಕಳ್ಳಬೇಟೆಯವರ ಉರುಳಲ್ಲ ಅದು. ಹಲಗೆ ಕಟ್ಟುವ ಜೋಡಿ ಎಳೆಯ ತಂತಿ. ಅದರ ತಿರುವು ಎಡಕ್ಕಿತ್ತು. ನಾನು ಎಡಗೈಯವನು. ಲೋಕದಲ್ಲಿ ಎಲ್ಲರೂ ತಂತಿಯನ್ನು ಬಲಕ್ಕೆ ತಿರುಪಿದರೆ ನಾನು ಎಡಕ್ಕೆ ತಿರುಪುತ್ತೇನೆ, ನನ್ನ ಹುಡುಗರಿಗೂ ಹಾಗೆಯೇ ಕಲಿಸಿದ್ದೆ. ಮಾರ್ಚ್ ತಿಂಗಳಲ್ಲಿ, ಬಯಲಿನ ಅಂಚಿನ ಒಂದು ಬಾವಿಯ ಕೆಲಸವನ್ನು ಸಂಜೆಯೊಳಗೆ ಬಿಟ್ಟು ಬನ್ನಿ ಎಂದು ಆದೇಶ ಬಂದಾಗ, ಹಲಗೆ ಬಿಚ್ಚಿ ಲಾರಿಗೆ ತುಂಬಿ, ತಂತಿಯ ಕುಣಿಕೆಗಳನ್ನೆಲ್ಲ ನನ್ನ ಹುಡುಗರು ಅಲ್ಲೇ ಎಸೆದು ಬಂದಿದ್ದರು. ಜಾಗ ಸ್ವಚ್ಛವಾಗಿದೆ ಎಂಬ ಹಾಳೆಗೆ ನಾನು ಕಾರಿನ ಏಸಿಯಲ್ಲಿ ಕೂತು ಸಹಿ ಹಾಕಿದ್ದೆ, ಇಳಿದು ನೋಡಿರಲಿಲ್ಲ.

ಅದನ್ನು ಅಲ್ಲೇ ಹೇಳಬಹುದಿತ್ತು. ಹೇಳಿದರೆ ಮುಂದಿನ ಗುರುವಾರದ ಮೇಲ್‌ನಲ್ಲಿ ಮೊದಲ ಹೆಸರು ನನ್ನದು ಎಂದು ಗೊತ್ತಿತ್ತು. ಹಾಗಾಗಿ ಹೇಳಲಿಲ್ಲ. ಬದಲಿಗೆ, "ನೀವು ತಲೆಬಿಸಿ ಮಾಡ್ಬೇಡಿ ಡಾಕ್ಟ್ರೇ, ಮರ ನಾನು ನೋಡಿ ಕೊಡ್ತೇನೆ. ನನಗೆ ಗೊತ್ತುಂಟು," ಎಂದೆ. ಹುಲ್ಲೆ ಬದುಕಿದರೆ ನನ್ನ ತಪ್ಪು ತಾನಾಗಿ ಅಳಿಸಿಹೋಗುತ್ತದೆ ಎಂದುಕೊಂಡಿದ್ದೆ.

ಸೋಮವಾರ ಬೆಳಗ್ಗೆ ಮೂವರೂ ಹೊರಟೆವು. ಮುಸಲ್ಲಮ್‌ನನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅರುವತ್ತರ ಆಸುಪಾಸು, ಬರಿಗಾಲು, ಕಡ್ಡಿಯಂಥ ಮೈ, ಮಾತು ಕಡಿಮೆ. ಮಾತಾಡಿದರೂ ಅರಬ್ಬಿಗೆ ಹಿಂದಿ ಬೆರೆಸಿ ನಾಲ್ಕು ಶಬ್ದ. ಜೀಪನ್ನು ಬಹಳ ಹಿಂದೆ ನಿಲ್ಲಿಸಿ ನಡೆದೆವು. ಚಪ್ಪಟೆ ಬಯಲು, ಅಲ್ಲಲ್ಲಿ ತಗ್ಗು, ತಗ್ಗಿನಲ್ಲಿ ಮರಗಳು. ರಾತ್ರಿ ಸಮುದ್ರದ ಕಡೆಯಿಂದ ಬಂದ ಮಂಜು ಇನ್ನೂ ಹಾರಿರಲಿಲ್ಲ.

ಮೊದಲ ತಗ್ಗಿನಲ್ಲೇ ನನಗೆ ಬೇಕಾದ ಮರ ಸಿಕ್ಕಿತು. ಎತ್ತರದ, ಗಟ್ಟಿ ಕೊಂಬೆಗಳ ಘಾಫ್ ಮರ. ಡಾಕ್ಟರು ಎಲೆ ಮುಟ್ಟಿ ನೋಡಿ, "ಅಯ್ಯೋ, ಇದು ನಮ್ಮ ಬನ್ನಿ ಮರ ಅಲ್ವೇನ್ರೀ," ಎಂದರು. ಹೌದು, ದಸರೆಯಲ್ಲಿ ಎಲೆ ಹಂಚುವ ಅದೇ ಬನ್ನಿ. ದಸರೆ ಕಳೆದು ಎರಡು ವಾರವಷ್ಟೇ ಆಗಿತ್ತು. ಅವರು ಒಂದು ಎಲೆ ಕಿತ್ತು ನನ್ನ ಕೈಗಿಟ್ಟರು. ನಾನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ. ಇಬ್ಬರಿಗೂ ಅದು ಶುಭ ಎನಿಸಿತು. ಮರದ ಬುಡದಿಂದ ಹತ್ತು ಮಾರು ದೂರದಲ್ಲಿ ಹಿಕ್ಕೆಯ ರಾಶಿಯಿತ್ತು, ಬುಟ್ಟಿಯಷ್ಟು ಅಗಲ. ಒಂದೊಂದು ಕಾಳೂ ಕರ್ರಗೆ ಮಿರಮಿರ ಹೊಳೆಯುತ್ತಿತ್ತು. ಹಿಕ್ಕೆ ಹೊಳೆಯುತ್ತಿದ್ದರೆ ಇವತ್ತಿನದು, ಬೂದು ತಿರುಗಿದ್ದರೆ ಬಿಟ್ಟುಬಿಡು ಎಂಬುದು ಮಾವನ ಮೊದಲ ಪಾಠ. ಸುತ್ತ ಹೆಜ್ಜೆಗಳೂ ಇದ್ದವು. ಇಡೀ ಹಿಂಡೇ ಬೆಳಗ್ಗೆ ಇಲ್ಲಿ ನಿಂತು ಹೋಗಿದೆ, ನಾಳೆಯೂ ಬರುತ್ತದೆ ಎಂದು ನಾನು ತೀರ್ಪು ಕೊಟ್ಟೆ.

ಮುಸಲ್ಲಮ್ ಕುಕ್ಕರುಗಾಲಿನಲ್ಲಿ ಕೂತು ಒಂದು ಕಾಳನ್ನು ಬೆರಳಿನಲ್ಲಿ ಉಜ್ಜಿ, "ಹಾದಾ ಕದೀಮ್," ಎಂದ. ಇದು ಹಳೆಯದು. ಆಮೇಲೆ ನನಗೆ ತಿಳಿಯಲೆಂದು, "ರಾತ್ ಕಾ ಪಾನಿ," ರಾತ್ರಿಯ ನೀರು, ಎಂದು ಸೇರಿಸಿದ.

ನಾನು ನಕ್ಕು, ಹೊಸದೇ, ಹೊಳಪು ನೋಡು ಎಂದೆ. ಅವನು ಎರಡನೆಯ ಸಲ ಹೇಳಲಿಲ್ಲ. ಬಂದವರ ಮಾತಿಗೆ ಎದುರಾಡುವುದು ಅವರ ಪದ್ಧತಿಯಲ್ಲಿಲ್ಲ ಎಂಬುದು ನನಗೆ ಆಮೇಲೆ ಅರ್ಥವಾಯಿತು. ಆಗ ಮಾತ್ರ, ಮುದುಕ ಒಪ್ಪಿಕೊಂಡ ಎಂದೇ ತಿಳಿದೆ. ಮಧ್ಯಾಹ್ನದ ಹೊತ್ತಿಗೆ ಯಾರ್ಡಿನಿಂದ ಪೈಪು, ಹಲಗೆ ಹೊತ್ತು ತಂದು ಬನ್ನಿ ಮರದಲ್ಲಿ ಎರಡು ಆಳೆತ್ತರಕ್ಕೆ ಅಟ್ಟಣೆ ಕಟ್ಟಿದೆ. ಚಂದದ ಅಟ್ಟಣೆ. ಅಭ್ಯಾಸಬಲದಿಂದ ಹಸಿರು ಚೀಟಿಯನ್ನೂ ತೂಗುಹಾಕಿದ್ದೆ.

ಮಂಗಳವಾರ ಬೆಳಕು ಹರಿಯುವ ಮೊದಲೇ ನಾನೂ ಡಾಕ್ಟರೂ ಹತ್ತಿ ಕೂತೆವು. ಹತ್ತು ಗಂಟೆಯವರೆಗೆ ಕೂತೆವು. ಒಂದು ಓತಿಕ್ಯಾತ ಬಂತು, ಎರಡು ಕಾಗೆ ಬಂದವು. ಬಿಸಿಲೇರಿದ ಮೇಲೆ ಇಳಿದಾಗ ಡಾಕ್ಟರ ಕಾಲು ಜೋಮು ಹಿಡಿದಿತ್ತು. ಮೊದಲ ದಿನ ಹಾಗೇ, ನಮ್ಮ ವಾಸನೆ ಇನ್ನೂ ಆರಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅವರು ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ ಜೀಪಿನಲ್ಲಿಟ್ಟರು. ಎರಡು ಬೆಳಗು ಉಳಿದಿದ್ದವು.

ಬುಧವಾರ ಸುಮಾರು ಏಳು ಗಂಟೆಗೆ ಮಂಜಿನೊಳಗಿಂದ ಒಂದು ಹುಲ್ಲೆ ಬಂತು. ಡಾಕ್ಟರು ಬಂದೂಕು ಭುಜಕ್ಕೊತ್ತಿದರು. ಅದು ನೇರ ಹಿಕ್ಕೆಯ ರಾಶಿಯತ್ತ ನಡೆದು, ಮುಂಗಾಲಿನಿಂದ ಮಣ್ಣು ಕೆರೆದು, ರಾಶಿಯ ಮೇಲೆ ನಾಲ್ಕು ಕಾಳು ಹಾಕಿತು. ಉದ್ದ ಕೊಂಬಿನ ಗಂಡು. ಕೊರಳಿನಲ್ಲಿ ತಂತಿಯಿಲ್ಲ. ತಲೆಯೆತ್ತಿ ನಮ್ಮನ್ನೇ, ಹಸಿರು ಚೀಟಿಯನ್ನೇ ನೋಡಿದಂತೆ ಒಂದು ಕ್ಷಣ ನೋಡಿ, ಹಾರಿ ಹೋಯಿತು. ಡಾಕ್ಟರು ನಿಧಾನವಾಗಿ ಬಂದೂಕು ಕೆಳಗಿಳಿಸಿದರು.

"ಇದು ಗಂಡು ತನ್ನ ಎಲ್ಲೆ ಗುರುತು ಮಾಡೋ ಜಾಗ ಕಣ್ರೀ. ತಿಂಗಳಾನುಗಟ್ಟಲೆಯಿಂದ ಕೂಡಿಟ್ಟಿರೋ ರಾಶಿ," ಎಂದರು. "ನನಗೆ ಹೊಳೀಬೇಕಿತ್ತು. ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಿ, ನಂಬಿಬಿಟ್ಟೆ."

ಬೈದಿದ್ದರೆ ಚೆನ್ನಾಗಿತ್ತು. ನಾನು ಮರದಿಂದಿಳಿದು ಸೀದಾ ಮುಸಲ್ಲಮ್ ಇದ್ದಲ್ಲಿಗೆ ಹೋದೆ. ಅವನು ದೂರದ ದಿಬ್ಬದ ಹಿಂದೆ ದುರ್ಬೀನು ಹಿಡಿದು ಮಲಗಿದ್ದ. ಹುಲ್ಲೆ ಎಲ್ಲಿ, ತೋರಿಸು ಎಂದು ಕೇಳಿದೆ. ನನ್ನ ದನಿ ನನಗೇ ಅಳುವಂತೆ ಕೇಳಿಸಿತು. ಅವನು ಎದ್ದು ಬಟ್ಟೆ ಕೊಡವಿಕೊಂಡು, "ಯಲ್ಲಾ," ಹೋಗೋಣ, ಎಂದು ನಡೆದ.

ಆ ಒಂದು ಗಂಟೆಯಲ್ಲಿ ಅವನು ನನಗೆ ಕಲಿಸಿದ್ದು, ನಾನು ನಲವತ್ತು ವರ್ಷದಲ್ಲಿ ಕಲಿತದ್ದಕ್ಕಿಂತ ಹೆಚ್ಚು ಎಂದರೆ ಉತ್ಪ್ರೇಕ್ಷೆಯಲ್ಲ. ಮೊದಲು ಬನ್ನಿ ಮರದ ರಾಶಿಯಿಂದ ಒಂದು ಕಾಳು ತೆಗೆದು ಒಡೆದ. ಹೊರಗೆ ಹೊಳಪು, ಒಳಗೆ ಒಣಗಿದ ನಶ್ಯದ ಪುಡಿ. ಈ ಬಯಲಿನಲ್ಲಿ ಪ್ರತಿ ರಾತ್ರಿ ಮಂಜು ಬಿದ್ದು, ಆರು ತಿಂಗಳ ಹಿಂದಿನ ಹಿಕ್ಕೆಯೂ ಪ್ರತಿ ಬೆಳಗ್ಗೆ ಹೊಸದಾಗಿ ಹೊಳೆಯುತ್ತದೆ. ನನ್ನ ಮಾವನ ಕಾಡಿನ ಲೆಕ್ಕ ಇಲ್ಲಿ ತಲೆಕೆಳಗು. ಆಮೇಲೆ ಹೆಜ್ಜೆ ತೋರಿಸಿದ. ಮಂಜು ಕುಡಿದ ಮಣ್ಣು ರಾತ್ರಿಯಲ್ಲಿ ತೆಳ್ಳನೆಯ ಹಪ್ಪಳದಂತೆ ಗಟ್ಟಿಯಾಗುತ್ತದೆ. ಹೆಜ್ಜೆಯ ಒಳಗೂ ಆ ಹಪ್ಪಳವಿದ್ದರೆ ಅದು ನಿನ್ನೆಯದು ಅಥವಾ ಮೊನ್ನೆಯದು. ಹಪ್ಪಳ ಒಡೆದು ಒಳಗಿನ ಪುಡಿಮಣ್ಣು ಕಂಡರೆ ಮಾತ್ರ ಇವತ್ತಿನದು. ಬನ್ನಿ ಮರದ ಸುತ್ತ ಒಡೆದ ಹೆಜ್ಜೆ ಇದ್ದದ್ದು ಆ ಒಂದು ಗಂಡಿನದು ಮಾತ್ರ.

ಸುಮಾರು ಒಂದು ಕಿಲೋಮೀಟರ್ ನಡೆದ ಮೇಲೆ ಅವನು ನಿಂತು ನೆಲ ತೋರಿಸಿದ. ಒಡೆದ ಹೆಜ್ಜೆಗಳು, ದೊಡ್ಡದು ಒಂದು ಜೊತೆ, ಚಿಕ್ಕದು ಒಂದು ಜೊತೆ. ದೊಡ್ಡ ಹೆಜ್ಜೆಯ ಪಕ್ಕ ಅಲ್ಲಲ್ಲಿ ಮಣ್ಣಿನ ಮೇಲೆ ಸೂಜಿಯಿಂದ ಎಳೆದಂತೆ ಒಂದು ಗೀರು. ಮೇಯಲು ತಲೆ ಬಗ್ಗಿಸಿದಾಗಲೆಲ್ಲ ತಂತಿಯ ತುದಿ ನೆಲ ಗೀರಿತ್ತು. ಅದರ ಪಕ್ಕದಲ್ಲೇ ನಿನ್ನೆಯ ಗೀರು, ಮೊನ್ನೆಯ ಗೀರು. ನಾವು ಬನ್ನಿ ಮರದಲ್ಲಿ ಕಾಗೆ ನೋಡುತ್ತ ಕೂತ ಎರಡೂ ಬೆಳಗ್ಗೆ ಅದು ಮರಿಯೊಂದಿಗೆ ಇಲ್ಲಿಗೆ ಬಂದು, ಪೊದೆಯ ಎಲೆಗಳ ಮೇಲಿನ ಮಂಜು ನೆಕ್ಕಿ ಹೋಗಿತ್ತು. ಸರಿಯಾಗಿ ನುಂಗಲೂ ಆಗದ ಪ್ರಾಣಿ ನೀರಿನ ಆಸೆಗೆ ಬರುತ್ತಿತ್ತು.

ಹತ್ತಿರದಲ್ಲಿ ಇದ್ದದ್ದು ಒಂದೇ ಮರ, ಸಮ್ರ್ ಎನ್ನುವ ನಮ್ಮ ಜಾಲಿಯ ಜಾತಿಯದು. ಕುಳ್ಳು, ಮೈತುಂಬ ಮುಳ್ಳು. ಮಾವ ಅಂಥ ಮರವನ್ನು ತಿರುಗಿಯೂ ನೋಡುತ್ತಿರಲಿಲ್ಲ. ಮುಸಲ್ಲಮ್ ಒಂದು ಹಿಡಿ ದೂಳು ತೂರಿ ಗಾಳಿ ನೋಡಿದ. ಪೊದೆಗಳ ಕಡೆಯಿಂದ ಮರದ ಕಡೆಗೆ ಬೀಸುತ್ತಿತ್ತು, ಬೆಳಗ್ಗೆಯೂ ಹಾಗೇ ಇರುತ್ತದೆ ಎಂದ. ನಮ್ಮ ಹಿಂದೆಯೇ ನಡೆದು ಬಂದಿದ್ದ ಡಾಕ್ಟರು ನೆಲದಲ್ಲಿ ಕೂತು ನೋಡಿದರು, ಪೊದೆ ಅಡ್ಡ ಬರುತ್ತಿತ್ತು. ಒಂದು ಆಳಿನಷ್ಟಾದರೂ ಎತ್ತರ ಬೇಕೇ ಬೇಕು. ಪೈಪು ಹೂಳಿ ಸದ್ದು ಮಾಡುವಂತಿಲ್ಲ. ಮರದ ಕವಲು ಹೊರುವುದು ಒಂದೇ ಹಲಗೆ. ಅದನ್ನು ಕವಲಿಗೆ ಅಡ್ಡ ಇಟ್ಟರೆ ಒಂದು ತುದಿಯಲ್ಲಿ ಡಾಕ್ಟರು, ಹಲಗೆ ಮಗುಚದಂತೆ ಇನ್ನೊಂದು ತುದಿಯಲ್ಲಿ ಭಾರ. ಭಾರ ಅಂದರೆ ನಾನು. ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಅಂಥ ಅಟ್ಟಣೆಗೆ ಯಾರಾದರೂ ಚೀಟಿ ಕೊಟ್ಟಿದ್ದರೆ ಅವನನ್ನು ಕೆಲಸದಿಂದ ತೆಗೆಯುತ್ತಿದ್ದೆ. ತಂತಿ ಬಿಗಿಯುವ ಬದಲು ಹಗ್ಗ ಕಟ್ಟಿದೆ. ತಂತಿ ಮುಟ್ಟಲು ಮನಸ್ಸಾಗಲಿಲ್ಲ.

ಗುರುವಾರ ಕತ್ತಲಿರುವಾಗಲೇ ಮರ ಸೇರಿದೆವು. ಡಾಕ್ಟರು ಪೊದೆಗಳ ಕಡೆಗೆ ಮುಖ ಮಾಡಿ ಬೋರಲು ಮಲಗಿದರು. ನಾನು ಇನ್ನೊಂದು ತುದಿಯಲ್ಲಿ, ಅವರಿಗೆ ಬೆನ್ನು ಹಾಕಿ ಕೂತೆ. ಮುಳ್ಳು ಒತ್ತಿದ ರೀತಿಯಲ್ಲಿ ಹಾಗೆ ಕೂರುವುದಕ್ಕಷ್ಟೇ ಜಾಗವಿತ್ತು. ನಾನು ಅಲುಗಾಡಿದರೆ ಹಲಗೆ ಅಲುಗುತ್ತದೆ, ಹಲಗೆ ಅಲುಗಿದರೆ ಗುರಿ ತಪ್ಪುತ್ತದೆ. ತಿರುಗಿ ನೋಡುವಂತಿಲ್ಲ, ಕೆಮ್ಮುವಂತಿಲ್ಲ. ತೊಡೆಗೆ ಒಂದು ಮುಳ್ಳು ಇಳಿದಿತ್ತು, ಅದನ್ನು ತೆಗೆಯಲು ಕೈ ಎತ್ತುವಂತಿಲ್ಲ. ಬೆಳಕು ಬಂತು, ಆದರೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನನ್ನೆದುರಿನ ಬಯಲು ಇಪ್ಪತ್ತು ಮಾರಿಗೇ ಮುಗಿಯುತ್ತಿತ್ತು. ಎಲೆಗಳಿಂದ ಹನಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ದಿಬ್ಬದ ಹಿಂದೆ ಮುಸಲ್ಲಮ್ ಮಲಗಿದ್ದ. ಅವತ್ತು ಅವನ ಪಕ್ಕದಲ್ಲಿ ರೈಫಲ್ ಇತ್ತು. ಬೆಳಗ್ಗೆ ಜೀಪಿನಿಂದ ಅದನ್ನು ತೆಗೆಯುವಾಗ ಅವನು ನಮ್ಮ ಮುಖ ನೋಡಿರಲಿಲ್ಲ.

ಎಷ್ಟು ಹೊತ್ತಾಯಿತೋ ತಿಳಿಯದು. ಬೆನ್ನ ಕಡೆಯಿಂದ ಬೀಸುವ ಗಾಳಿಯಲ್ಲಿ ಮೊದಲು ವಾಸನೆ ಬಂತು, ಕೊಳೆತ ಗಾಯದ ವಾಸನೆ. ಆಮೇಲೆ ಹಪ್ಪಳ ಮುರಿಯುವಂಥ ಸಣ್ಣ ಸದ್ದು. ಒಂದು, ಎರಡು, ನಿಂತಿತು. ಅದರ ಹಿಂದೆ ಇನ್ನೂ ಹಗುರವಾದ ಸದ್ದು. ಮರಿ. ಆಮೇಲೆ ಕೇಳಿಸಿತು ಆ ಉಸಿರು. ಬಿಗಿದ ಕೊರಳಿನೊಳಗಿಂದ ಎಳೆದೆಳೆದು ಬರುತ್ತಿದ್ದ ಗೊರಗೊರ ಉಸಿರು. ಅಲುಗಬಾರದೆಂದು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆ ಉಸಿರನ್ನು ಅಷ್ಟು ಹತ್ತಿರದಿಂದ ಕೇಳುವುದು, ತಿರುಗಿ ನೋಡದೆ ಕೇಳುವುದು ನನಗೆ ಸರಿಯಾದ ಶಿಕ್ಷೆಯಾಗಿತ್ತು. ಡಾಕ್ಟರು ಯಾಕೆ ಹೊಡೆಯುತ್ತಿಲ್ಲ ಎಂದು ಒಳಗೊಳಗೇ ಕಿರುಚುತ್ತಿದ್ದೆ. ಮರಿ ಅಡ್ಡ ನಿಂತಿತ್ತಂತೆ.

ಫಟ್ ಎಂಬ ಸದ್ದಾಯಿತು, ನಾಲ್ಕು ಕಾಲು ಹಾರಿದವು, ಮತ್ತೆ ಮೌನ.

"ಬಿತ್ತು ಕಣ್ರೀ, ತೊಡೆಗೇ ಬಿತ್ತು," ಎಂದು ಡಾಕ್ಟರು ಪಿಸುಗುಟ್ಟಿದರು. "ಐದು ನಿಮಿಷ. ಅಲುಗಬೇಡಿ."

ಓಡಿದ್ದು ಎಲ್ಲಿಗೆ? ಆ ಮಂಜಿನಲ್ಲಿ ಎಲ್ಲಿ ಬಿದ್ದರೂ ಕಾಣುವಂತಿರಲಿಲ್ಲ. ಕುತ್ತಿಗೆ ಮಡಚಿ ಬಿದ್ದರೆ ಉಸಿರುಗಟ್ಟಿ ಸಾಯುತ್ತದೆ ಎಂದು ಅವರು ಮೊದಲೇ ಹೇಳಿದ್ದರು. ಐದು ನಿಮಿಷ ಕಳೆದು ಇಳಿಯುವಷ್ಟರಲ್ಲಿ ಮುಸಲ್ಲಮ್ ರೈಫಲ್ ಬಿಟ್ಟು ಬಂದು ನೆಲ ನೋಡುತ್ತಾ ಆಗಲೇ ನಡೆಯುತ್ತಿದ್ದ. ಒಡೆದ ಹೆಜ್ಜೆಗಳನ್ನು ಅವನು ಹಿಂಬಾಲಿಸಿದ, ಅವನನ್ನು ನಾವು. ಇನ್ನೂರು ಹೆಜ್ಜೆ ಹೋದ ಮೇಲೆ ಅದು ಕಂಡಿತು, ಒಂದು ಪೊದೆಗೆ ಒರಗಿ ಬಿದ್ದಿತ್ತು. ಮುಸಲ್ಲಮ್ ಓಡಿ ಅದರ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ.

ಡಾಕ್ಟರು ಕಟರ್ ತೂರಿಸಲು ನೋಡಿದರು. ತಂತಿ ಮಾಂಸದೊಳಗೆ ಹುದುಗಿತ್ತು, ಕಟರಿನ ಬಾಯಿ ಕೆಳಗೆ ಹೋಗುತ್ತಿರಲಿಲ್ಲ. ಒತ್ತಿದರೆ ಕೊರಳಿನ ನರ ಹೋಗುತ್ತದೆ ಎಂದರು. ಅವರ ಕೈ ರಕ್ತವಾಗಿತ್ತು, ಹುಲ್ಲೆಯ ಉಸಿರು ಕ್ಷಣಕ್ಷಣಕ್ಕೂ ಸಣ್ಣದಾಗುತ್ತಿತ್ತು. ನಾನು ಅವರನ್ನು ಪಕ್ಕಕ್ಕೆ ಸರಿಸಿ ಕೂತೆ. ಹೊರಗೆ ಉಳಿದಿದ್ದ ತಿರುವನ್ನು ಇಕ್ಕಳದಲ್ಲಿ ಹಿಡಿದು, ಎಡಗೈಯಿಂದ, ಬಲಕ್ಕೆ, ಎರಡೂವರೆ ಸುತ್ತು ಬಿಚ್ಚಿದೆ. ಕುಣಿಕೆ ಸಡಿಲವಾಯಿತು. ಹುಲ್ಲೆ ಒಂದು ದೀರ್ಘ ಉಸಿರು ಎಳೆಯಿತು, ಅದರ ಪಕ್ಕೆ ಉಬ್ಬಿದ್ದು ನನ್ನ ಮೊಣಕಾಲಿಗೆ ತಾಗಿತು. ನನ್ನ ಕಣ್ಣು ತುಂಬಿ ಏನೂ ಕಾಣಲಿಲ್ಲ.

ಗಾಯ ತೊಳೆದು, ಔಷಧಿ ಹಚ್ಚಿ, ಎಬ್ಬಿಸುವ ಇಂಜೆಕ್ಷನ್ ಕೊಟ್ಟು ನಾವು ದೂರ ಸರಿದೆವು. ಅದು ಎರಡು ಸಲ ಮುಗ್ಗರಿಸಿ, ಮೂರನೆಯ ಸಲ ಎದ್ದು ನಿಂತಿತು. ಮಂಜಿನೊಳಗಿಂದ ಮರಿ ಬಂದು ಪಕ್ಕಕ್ಕೆ ಒತ್ತಿ ನಿಂತಿತು. ಎರಡೂ ನಿಧಾನವಾಗಿ ನಡೆದು ಹೋದವು.

ಡಾಕ್ಟರು ತಂತಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಜೀಪಿನ ಬಾನೆಟ್ಟಿನ ಮೇಲೆ ತಮ್ಮ ಕೊನೆಯ ರಿಪೋರ್ಟು ಬರೆಯಲು ನಿಂತರು. ಬರೆಯುತ್ತಾ ಬರೆಯುತ್ತಾ ಪೆನ್ನು ನಿಲ್ಲಿಸಿ ನನ್ನತ್ತ ನೋಡಿದರು.

"ಯಾವ ಕಡೆ ತಿರುಗಿಸಬೇಕು, ಎಷ್ಟು ಸುತ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅಂದಾಜು ಎನ್ನಬಹುದಿತ್ತು. ಅವರು ನಂಬುತ್ತಿದ್ದರು. ಹುಲ್ಲೆ ಬದುಕಿತ್ತು, ಅವರು ಸಂಜೆಗೆ ಹೊರಡುತ್ತಿದ್ದರು. ಆದರೆ ಆ ಉಸಿರು ಇನ್ನೂ ನನ್ನ ಬೆನ್ನ ಹಿಂದೆಯೇ ಇತ್ತು.

"ನಂದೇ ತಂತಿ ಡಾಕ್ಟ್ರೇ," ಎಂದೆ. "ಹುಡುಗರು ಬಿಸಾಡಿದ್ದು. ಜಾಗ ಕ್ಲೀನ್ ಉಂಟು ಅಂತ ಸೈನ್ ಹಾಕಿದ್ದು ನಾನು. ನೋಡದೆ ಹಾಕಿದ್ದು. ಬರೀರಿ."

ಮುಸಲ್ಲಮ್‌ಗೆ ಕನ್ನಡ ಬರದಿದ್ದರೂ ನನ್ನ ಕೈ ನನ್ನ ಎದೆಯ ಮೇಲಿದ್ದದ್ದು ಕಂಡಿತ್ತು. ಅವನು ಡಾಕ್ಟರ ಹತ್ತಿರ ಅರಬ್ಬಿಯಲ್ಲಿ ಏನೋ ಹೇಳಿದ. ಅವರು ಕೇಳಿಸಿಕೊಂಡು, ತಲೆ ತಗ್ಗಿಸಿ, ನನಗೆ ತಿಳಿಸಿದರು. ಆ ಬಾವಿಯಲ್ಲಿ ನಾನು ಎಡಗೈಯಲ್ಲಿ ತಂತಿ ತಿರುಪುವುದನ್ನು ಅವನು ಅಂದೇ ನೋಡಿದ್ದನಂತೆ. ಚಿತ್ರ ತೆಗೆದ ದಿನವೇ ತಂತಿ ಯಾರದೆಂದು ಗೊತ್ತಿತ್ತಂತೆ. ನನ್ನನ್ನು ಕರೆಸಿದ್ದು ಅದಕ್ಕೇ. ನನ್ನ ಬೇಟೆಯ ಕಥೆ ಅವನು ಕೇಳಿಯೇ ಇರಲಿಲ್ಲ.

ಡಾಕ್ಟರು ಬರೆದರು. ಮುಂದಿನ ಗುರುವಾರದ ಮೇಲ್‌ನಲ್ಲಿ ನನ್ನ ಹೆಸರಿತ್ತು. ರಿಪೋರ್ಟಿನಿಂದ ಬಂತೋ, ಹೇಗೂ ಬರುವುದಿತ್ತೋ ನಾನು ಕೇಳಲಿಲ್ಲ. ಸುಮಾಗೆ ಫೋನ್ ಮಾಡಿ, ಅವಳು ಕೇಳುವ ಮೊದಲೇ ಹೇಳಿದೆ. ಕಾರಣವನ್ನೂ ಹೇಳಿದೆ. ಅವಳು, ಬೇಗ ಬನ್ನಿ ಎಂದಳು.

ಹೊರಡಲು ಮೂರು ದಿನ ಉಳಿದಿತ್ತು. ಒಂದು ಗೋಣಿಚೀಲ ಹಿಡಿದು ಆ ಬಾವಿಯ ಜಾಗಕ್ಕೆ ಹೋದೆ. ಮುಸಲ್ಲಮ್ ಅಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದ. ಎಂಟು ತಿಂಗಳ ಗಾಳಿಗೆ ಕುಣಿಕೆಗಳು ಮಣ್ಣಿನೊಳಗೆ ಹೂತುಹೋಗಿದ್ದವು, ನನ್ನ ಕಣ್ಣಿಗೆ ಬರಿಯ ಬಯಲು. ಅವನು ನೆಲ ನೋಡುತ್ತ ನಡೆಯುತ್ತಿದ್ದ. ಅಲ್ಲಲ್ಲಿ ನಿಂತು ಕೋಲಿನ ತುದಿಯಿಂದ ತೋರಿಸುತ್ತಿದ್ದ. ನಾನು ಮೊಣಕಾಲೂರಿ ಬೆರಳಿನಿಂದ ಕೆದಕಿ ಎತ್ತುತ್ತಿದ್ದೆ. ಮೂರು ದಿನವೂ ಹಾಗೆಯೇ ನಡೆಯಿತು. ಅಷ್ಟು ತಂತಿಗಳಲ್ಲಿ ಒಂದನ್ನೂ ಅವನು ಬಗ್ಗಿ ಎತ್ತಲಿಲ್ಲ.